ಡಿಎನ್‌ಎ ಒಂದೇ ಆದರೂ ಒಂದು ಕೋಶ ನರ, ಇನ್ನೊಂದು ಸ್ನಾಯು ಆಗೋದು ಹೇಗೆ?

ಮಳೆ ಬರುವಾಗ ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ನಿಂತು ನೋಡಿ. ಪಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ಮೈಸೂರಿನ ಕಡೆ ಇಳಿದರೆ ಇನ್ನೊಂದು ಉತ್ತನಹಳ್ಳಿ ಕಡೆ. 1957ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ವಾಡಿಂಗ್ಟನ್ ಕೊಟ್ಟ ಚಿತ್ರವೂ ಹೆಚ್ಚುಕಮ್ಮಿ ಇದೇ: ಕೋಶ ಅಂದರೆ ಇಳಿಜಾರಲ್ಲಿ ಉರುಳುವ ಗೋಲಿ, ಕಣಿವೆಗಳೇ ಅದರ ಕೊನೆಯ ರೂಪಗಳು.

ಈ ಕಣಿವೆಗಳನ್ನು ಕೊರೆಯುವುದು ಪ್ರೋಟೀನುಗಳ ಜಗಳ. ರಕ್ತದ ಮೂಲಕೋಶದಲ್ಲಿ (ಬೇರೆಬೇರೆ ರಕ್ತಕಣಗಳಾಗಬಲ್ಲ ಕೋಶ) ಗಾಟಾ-1, ಪಿಯು-1 ಎಂಬ ಎರಡು ಪ್ರೋಟೀನುಗಳಿವೆ. ತಮ್ಮನ್ನು ತಾವೇ ಹೆಚ್ಚಿಸಿಕೊಳ್ಳುತ್ತವೆ, ಒಂದನ್ನೊಂದು ಅದುಮುತ್ತವೆ. ಸಮೀಕರಣ ಬರೆದು ನೋಡಿದರೆ, ಒಂದು ಮಿತಿ ದಾಟಿದ ಮೇಲೆ ಸಮಬಲ ನಿಲ್ಲುವುದಿಲ್ಲ, ಚೂರು ಏರುಪೇರಾದರೂ ಸಾಕು. ಗಾಟಾ ಗೆದ್ದರೆ ಕೆಂಪು ರಕ್ತಕಣದ ದಾರಿ, ಪಿಯು ಗೆದ್ದರೆ ಬಿಳಿಯದರ ದಾರಿ.

ಹೋಲಿಕೆ ಕೈಕೊಡುವುದು ಒಂದು ಕಡೆ: ನೀರು ಬೆಟ್ಟ ಹತ್ತದು. ಆದರೆ 2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕರ ತಂಡ ನಾಲ್ಕೇ ಜೀನ್ ಸೇರಿಸಿ, ಇಲಿಯ ಬಾಲದಿಂದ ತೆಗೆದ ಕೋಶಗಳನ್ನು ವಾಪಸ್ ನೆತ್ತಿಗೇ, ಅಂದರೆ ಮತ್ತೆ ಯಾವ ಬಗೆಯ ಕೋಶವಾದರೂ ಆಗಬಲ್ಲ ಸ್ಥಿತಿಗೆ, ಹತ್ತಿಸಿತು.