ನಮ್ಮ ಅತ್ತಿಗಿಗೆ ಮುಟ್ಟು ನಿಂತು ವರ್ಷ ದಾಟಿದ ಮ್ಯಾಲೆ ಮತ್ತ ರಕ್ತ ಕಂಡೈತ್ರಿ, ಹಾರ್ಮೋನ್ ಹೆಚ್ಚುಕಮ್ಮಿ ಆದ್ರ ಗರ್ಭಕೋಶದ ಕ್ಯಾನ್ಸರ್ ಬರ್ತೈತೇನ್ರಿ?
ಎಲ್ಲಾ ಕ್ಯಾನ್ಸರಿಗೂ ಅಲ್ರಿ, ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಸಂಬಂಧ ಜೋರ ಐತಿ. ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಆ ಪದರ ಬೆಳಸ್ತೈತಿ, ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಅದಕ್ಕ ಲಗಾಮ ಹಾಕ್ತೈತಿ, ಈಗ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದ್ರಿ) ಇದ್ದು ತಿಂಗಳಾನುಗಟ್ಲೆ ಮುಟ್ಟಾಗಲಿಲ್ಲಂದ್ರ ಅಂಡ ಬಿಡುಗಡೆ ಆಗೂದಿಲ್ಲ, ಹಿಂಗಾಗಿ ಪ್ರೊಜೆಸ್ಟರಾನ್ ಸಾಲೂದಿಲ್ಲ, ಪದರ ದಪ್ಪ ಆಕ್ಕೊಂತ ಹೋಗಿ ವರ್ಷಾನುಗಟ್ಲೆ ಹಂಗ ಬಿಟ್ರ ಕೆಲವ್ರಿಗೆ ಕ್ಯಾನ್ಸರಿಗೆ ತಿರುಗಬಹುದು. ಮುಟ್ಟು ನಿಂತ ಮ್ಯಾಲೂ ಮೈಯಾಗಿನ ಕೊಬ್ಬು ಈಸ್ಟ್ರೋಜೆನ್ ತಯಾರ ಮಾಡ್ತೈತಿ, ಅದಕ್ಕ ತೂಕ ಜಾಸ್ತಿ ಇದ್ದವ್ರಿಗೆ ರಿಸ್ಕ್ ಹೆಚ್ಚು. ಸ್ತನ ಕ್ಯಾನ್ಸರಿಗೆ ಕೊಡೋ ಟ್ಯಾಮೊಕ್ಸಿಫೆನ್ ಗುಳಗಿನೂ ಈ ರಿಸ್ಕ್ ತುಸು ಏರಸ್ತೈತಿ, ಹಂಗಂತ ನೀವ ಬಂದ್ ಮಾಡಬ್ಯಾಡ್ರಿ.

ಎರಡೂ ಹಾರ್ಮೋನ್ ಇರೋ ಗರ್ಭನಿರೋಧಕ ಗುಳಗಿದು ಉಲ್ಟಾ, ಒಳಪದರದ್ದು, ಅಂಡಾಶಯದ್ದು ಎರಡೂ ಕ್ಯಾನ್ಸರ್ ರಿಸ್ಕ್ ಕಡಿಮಿ ಮಾಡ್ತೈತಿ (ಮಂದಿ ನಂಬೂದಿಲ್ಲ ಬಿಡ್ರಿ), ಆದ್ರ ಸ್ತನದ್ದು ಸ್ವಲ್ಪ ಏರಸ್ತೈತಿ, ಡಾಕ್ಟ್ರನ್ನ ಕೇಳೇ ತಗೋಬೇಕು. ಗರ್ಭಕೋಶದ ಬಾಯಿ ಕ್ಯಾನ್ಸರ್ ಕಥಿನ ಬ್ಯಾರೆ, ಅದಕ್ಕ ಮುಖ್ಯ ಕಾರಣ ಎಚ್‌ಪಿವಿ ವೈರಸ್.

ನಿಮ್ಮ ಅತ್ತಿಗಿಗೆ ಮುಟ್ಟು ನಿಂತು ವರ್ಷ ದಾಟಿದ ಮ್ಯಾಲೆ ಮತ್ತ ರಕ್ತ ಕಂಡೈತಿ ಅಂದ್ರಲ್ಲ, ಉಷ್ಣ ಆಗೇತಿ ಅಂತ ಸುಮ್ನ ಕೂಡಬ್ಯಾಡ್ರಿ. ಭಾಳ ಮಂದಿಗೆ ಅದು ಕ್ಯಾನ್ಸರ್ ಇರೂದಿಲ್ಲ, ಖರೆ, ಆದ್ರೂ ಗದಗದಾಗ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಗೋ ಕರ್ಕೊಂಡ ಹೋಗಿ ಸ್ಕ್ಯಾನ್ ಮಾಡಸ್ರಿ, ಪದರ ದಪ್ಪ ಕಂಡ್ರ ಬಯಾಪ್ಸಿ (ಪದರದ ಸಣ್ಣ ತುಣುಕು ತಗದು ಮಾಡೋ ಪರೀಕ್ಷೆ) ಹೇಳ್ತಾರ.