ಮನೆ ಬೆಲೆ ಬೀಳಲಿ ಅಂತ ಕಾಯುತ್ತಿದ್ದೀರಾ?

ಅಮೆರಿಕದ ಫೀನಿಕ್ಸ್‌ಗೆ ಬಂದು ಎಂಟು ತಿಂಗಳಾಯಿತು, ಎಚ್-1ಬಿ ಅನ್ನೋ ಕೆಲಸದ ವೀಸಾ, ಬಾಡಿಗೆ ಕಟ್ಟಿ ಸಾಕಾಗಿದೆ, ಮನೆ ಕೊಳ್ಳೋಣ ಅಂತಿದ್ದೇನೆ ಅಂದಿದ್ದೀರಿ. ಆಫೀಸಿನಲ್ಲಿ ಎಲ್ಲರೂ "ಮಾರ್ಕೆಟ್ ಕ್ರ್ಯಾಶ್ ಆಗುತ್ತೆ, ಆಮೇಲೆ ತಗೋ" ಅನ್ನುತ್ತಾರಂತೆ. ಕಾಯಬೇಕಾ ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ?

ನಾನು ಈ ಊರಿಗೆ ಬಂದಿದ್ದು 2005ರಲ್ಲಿ. ಕ್ರ್ಯಾಶ್ ಅಂದರೇನು ಅಂತ ಕಣ್ಣಾರೆ ನೋಡಿದ್ದೇನೆ. 2006ರ ಬೆಲೆ 2011ಕ್ಕೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಬ್ಯಾಂಕಿನ ಪಾಲಾದವು. ಖಾಲಿ ಮನೆಗಳ ಹಿತ್ತಲಲ್ಲಿ ಸ್ವಿಮ್ಮಿಂಗ್ ಪೂಲ್ ನೀರು ಪಾಚಿ ಕಟ್ಟಿ ಹಸಿರಾಗಿ ನಿಂತಿರುತ್ತಿತ್ತು.

ಆಗ ನಾನು ಕೊಂಡೆನಾ? ಇಲ್ಲ. ನಮ್ಮ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ಮೊದಲು ಸಂಬಳದ ಚೀಟಿಯನ್ನೂ ಕೇಳದೆ ಸಾಲ ಕೊಟ್ಟ ಬ್ಯಾಂಕುಗಳು ಆಗ ನೂರೆಂಟು ಕಾಗದ ಕೇಳುತ್ತಿದ್ದವು. ಬೆಲೆ ಬಿದ್ದಾಗ ಕೆಲಸ, ಸಾಲ, ಧೈರ್ಯ ಮೂರೂ ಜೊತೆಗೇ ಬೀಳುತ್ತವೆ. ಕೊಂಡವರು ಕೈಯಲ್ಲಿ ನಗದು ಇದ್ದವರು. 2012ರಿಂದ ಬ್ಲಾಕ್‌ಸ್ಟೋನ್‌ನಂಥ ದೊಡ್ಡ ಹೂಡಿಕೆ ಕಂಪನಿಗಳು ಇಲ್ಲಿ ಮನೆ ಮೇಲೆ ಮನೆ ಕೊಂಡು ಬಾಡಿಗೆಗೆ ಬಿಟ್ಟವು.

ನನಗೆ ಪರಿಚಯದ ಇಬ್ಬರು 2005ರಲ್ಲಿ ಬಾಡಿಗೆಗೆ ಅಂತಲೇ ಮನೆ ಕೊಂಡಿದ್ದರು, ಒಂದೇ ಬಡಾವಣೆಯಲ್ಲಿ. ಒಬ್ಬರದು 30 ವರ್ಷದ ಫಿಕ್ಸೆಡ್ ಸಾಲ, ಅಂದರೆ ಬಡ್ಡಿ ಬದಲಾಗದ್ದು. ಮನೆ ಬೆಲೆ ಸಾಲಕ್ಕಿಂತ ಕೆಳಗೆ ಹೋದರೂ ಬಾಡಿಗೆ ಬರುತ್ತಲೇ ಇತ್ತು, ಕಂತು ಬದಲಾಗಲಿಲ್ಲ. "ಮಾರೋದಾದ್ರೆ ತಾನೇ ಬೆಲೆ ಬೇಕು" ಅನ್ನುತ್ತಿದ್ದರು. ಇನ್ನೊಬ್ಬರದು ಬಡ್ಡಿ ಬದಲಾಗುವ ಸಾಲ. ಕಂತು ಏರಿತು, ಬಾಡಿಗೆ ಸಾಲಲಿಲ್ಲ, ಮನೆ ಹೋಯಿತು. ಇಬ್ಬರ ಮನೆಯ ಬೆಲೆಯೂ ಒಂದೇ ಸಮ ಬಿದ್ದಿತ್ತು. ಇಲ್ಲಿ ಬೆಲೆ 2006ರ ಮಟ್ಟ ದಾಟಿದ್ದು 2021ರ ಹೊತ್ತಿಗೆ. ಅಷ್ಟು ವರ್ಷ ಮೊದಲನೆಯವರು ಸುಮ್ನೆ ಕೂತಿದ್ದರು, ಅಷ್ಟೇ. ಹೂಡಿಕೆ ಮಾಡುವವರು ಹೆದರುವುದು ಬೆಲೆ ಬೀಳುವುದಕ್ಕಲ್ಲ, ಬಿದ್ದಾಗ ಮಾರಲೇಬೇಕಾಗಿ ಬರುವುದಕ್ಕೆ.

ಹಾಗಾಗಿ ಅವರು ಈಗ ನೋಡುವುದೂ ಅದನ್ನೇ: ಮಾರಲೇಬೇಕಾದವರು ಎಷ್ಟು ಜನ? 2021ರಲ್ಲಿ 3%ಕ್ಕಿಂತ ಕಡಿಮೆ ಬಡ್ಡಿಗೆ ಸಾಲ ತಗೊಂಡವರು, ಹೊಸ ಸಾಲ ದುಬಾರಿ ಅಂತ, ಮನೆ ಬಿಟ್ಟು ಏಳುತ್ತಿಲ್ಲ. 2023ರ ಅಕ್ಟೋಬರಿನಲ್ಲಿ ಬಡ್ಡಿ 8%ರ ಹತ್ತಿರ ಹೋದಾಗಲೂ 2008ರ ಕ್ರ್ಯಾಶ್ ಥರ ಆಗದಿದ್ದಕ್ಕೆ ಇದೊಂದು ಕಾರಣ. ಬೆಲೆ ಬೀಳೋದೇ ಇಲ್ಲ ಅಂತಲ್ಲ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ 2022ರ ನಂತರ ಚೆನ್ನಾಗೇ ಇಳಿದಿದೆ.

ನಿಮ್ಮ ಲೆಕ್ಕ ಬೇರೆ. ಎಚ್-1ಬಿಯಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವುದು 60 ದಿನ. ಅಷ್ಟರೊಳಗೆ ಬೇರೆ ಕೆಲಸ ಸಿಗದೆ ದೇಶ ಬಿಡಬೇಕಾಗಿ ಬಂದರೆ, ಮಾರ್ಕೆಟ್ ಚೆನ್ನಾಗಿದ್ದರೂ ನೀವು ಅವಸರದಲ್ಲಿ ಮಾರುವವರೇ. ಏಜೆಂಟ್ ಕಮಿಷನ್, ಇತರೆ ಖರ್ಚು ಸೇರಿ ಒಂದಷ್ಟು ಕೈ ಬಿಡುತ್ತದೆ. ನಿಮ್ಮ ಮಟ್ಟಿಗೆ ಕ್ರ್ಯಾಶ್ ಅಂದರೆ ಅದೇ. ಡೌನ್ ಪೇಮೆಂಟ್ ಕೊಟ್ಟ ಮೇಲೂ ಆರು ತಿಂಗಳ ಕಂತು ಉಳಿಯಬೇಕು. ನೀವು ಹೊರಟರೆ ಆ ಮನೆಗೆ ಬರುವ ಬಾಡಿಗೆಯೇ ಕಂತು, ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್ ಮೂರನ್ನೂ ಹೊರಬೇಕು.

ಈಗ ಎಷ್ಟು ಬಾಡಿಗೆ ಕೊಡುತ್ತಿದ್ದೀರಿ, ಎಷ್ಟು ಉಳಿಸಿದ್ದೀರಿ ಅಂತ ಬರೆಯಿರಿ. ಮನೆ ಫೀನಿಕ್ಸ್ ಪಕ್ಕದ ಚಾಂಡ್ಲರಲ್ಲಾ, ಗಿಲ್ಬರ್ಟಲ್ಲಾ ಅಂತ ಆಮೇಲೆ ಮಾತಾಡೋಣ.