ಬೆಕ್ಕು ಇರಲಿ, ಮರಳು ತೆಗೆಯುವವರು ಯಾರು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಎರಡು ಬಾರಿ ಓದಬೇಕಾಯಿತು. ಮೊದಲ ಓದಿಗೆ ಅಯ್ಯೋ ಪಾಪ ಅನ್ನಿಸಿದ್ದು ಎರಡನೆಯ ಓದಿಗೆ ಸಿಟ್ಟಾಗಿ ತಿರುಗಿತು. ಆ ಸಿಟ್ಟು ಪತ್ರದಲ್ಲಿ ಯಾರನ್ನು ದೂರಲಾಗಿದೆಯೋ ಅವರ ಮೇಲಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಬರೆದಾಕೆಗೆ 26 ವರ್ಷ, ಮದುವೆಯಾಗಿ ಎರಡು ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಆಕೆ ಬೆಳಿಗ್ಗೆ ಏಳೂಮುಕ್ಕಾಲಿನ ಬಸ್ಸು ಹಿಡಿದು ಕಚೇರಿಗೆ ಹೋಗಿ ಲೆಕ್ಕಪತ್ರ ನೋಡುತ್ತಾರೆ. ಗಂಡನಿಗೆ ಸಾಫ್ಟ್‌ವೇರ್ ಕೆಲಸ, ಅದರಲ್ಲಿ ವಾರಕ್ಕೆ ಮೂರು ದಿನ ಮನೆಯಿಂದಲೇ. ಮನೆಯಲ್ಲಿ ಚುಕ್ಕಿ ಎಂಬ ನಾಲ್ಕು ವರ್ಷದ ಬೆಕ್ಕಿದೆ. ಗಂಡ ಒಂಟಿಯಾಗಿದ್ದ ಕಾಲದಲ್ಲಿ ಒಂದು ಮಳೆಯ ರಾತ್ರಿ ಸ್ಕೂಟರಿನ ಕೆಳಗೆ ನಡುಗುತ್ತ ಕುಳಿತಿದ್ದ ಮರಿಯನ್ನು ಎತ್ತಿಕೊಂಡು ಬಂದದ್ದಂತೆ. ಮದುವೆಗೆ ಮೊದಲು ಬೆಕ್ಕನ್ನು ಮುಟ್ಟಿಯೂ ನೋಡದಿದ್ದ ಈಕೆಯ ಕಾಲ ಬುಡದಲ್ಲಿ ಅದು ಈಗ ಮಲಗುತ್ತದೆ, ಸಂಜೆ ಆಕೆಯ ಬೀಗದ ಕೈ ಸದ್ದಾದರೆ ಬಾಗಿಲಿಗೆ ಬಂದು ಕೂರುತ್ತದೆ. ಈಗ ಆಕೆ 11 ವಾರಗಳ ಗರ್ಭಿಣಿ. ತಿಪಟೂರಿನಲ್ಲಿರುವ ಅತ್ತೆ, ಸೀಮಂತದೊಳಗೆ ಬೆಕ್ಕು ಮನೆ ಬಿಡಬೇಕು ಎಂದಿದ್ದಾರೆ. ಗಂಡ, ಚುಕ್ಕಿ ಹೋದರೆ ನಾನೂ ಹೋಗುತ್ತೇನೆ ಎಂದಿದ್ದಾನೆ. ಗಂಡನ ಅಕ್ಕ ಬೆಕ್ಕಿನಿಂದ ಕೂಸಿಗೆ ಆಗುವ ಅನಾಹುತಗಳ ಕುರಿತು ದಿನಕ್ಕೊಂದು ವಿಡಿಯೊ ಕಳುಹಿಸುತ್ತಿದ್ದಾರೆ. "ಅತ್ತೆಯ ಮಾತು ಕೇಳಲೋ, ಗಂಡನ ಮಾತು ಕೇಳಲೋ ನೀವೇ ಹೇಳಿ" ಎಂದು ನಾಲ್ಕು ಪುಟಗಳ ಪತ್ರ ಮುಗಿದಿದೆ.

ತಾಯೀ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಏಕೆಂದರೆ ನಿಮ್ಮ ಮನೆಯ ಪ್ರಶ್ನೆ ಅದಲ್ಲ. ಮೂರನೆಯ ಪುಟದ ಕೊನೆಯಲ್ಲಿ, ಬರೆಯಲೋ ಬೇಡವೋ ಎಂಬಂತೆ ಕಂಸದೊಳಗೆ, ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆಯ ಬಗ್ಗೆ ನೀವು ಒಂದು ಮಾತು ಬರೆದಿದ್ದೀರಿ: "ಲಿಟರ್ ಟ್ರೇ ಮೊದಲಿನಿಂದಲೂ ನಾನೇ ಕ್ಲೀನ್ ಮಾಡುವುದು, ಈಗ ಆ ವಾಸನೆಗೆ ವಾಂತಿ ಬರುವುದರಿಂದ ಮೂರು ದಿನಕ್ಕೊಮ್ಮೆ ಮಾತ್ರ ಆಗುತ್ತಿದೆ, ಇವರೂ ಆಗಾಗ ಸಹಾಯ ಮಾಡುತ್ತಾರೆ." ಬೆಕ್ಕು ಎಲ್ಲಿ ಮಲಗುತ್ತದೆ ಎಂಬುದಕ್ಕೆ ಅರ್ಧ ಪುಟ ಕೊಟ್ಟ ನೀವು ಇದಕ್ಕೆ ಎರಡೂವರೆ ಸಾಲು ಕೊಟ್ಟಿದ್ದೀರಿ. ಬೆಕ್ಕಿನ ಮೂತ್ರ ನೆನೆದ ಮರಳಿನ ಘಾಟು ಆರೋಗ್ಯವಂತರಿಗೇ ಕಣ್ಣು ಉರಿಸುತ್ತದೆ. ಒಗ್ಗರಣೆಯ ವಾಸನೆಯನ್ನೂ ತಾಳಲಾರದ ಈ ದಿನಗಳಲ್ಲಿ ನೀವು ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಜಾಲರಿ ಸಟ್ಟುಗ ಹಿಡಿದು ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತಿರುವಾಗ, ಬೆಕ್ಕಿಗಾಗಿ ಮನೆಯನ್ನೇ ಬಿಡಲು ಸಿದ್ಧನಿರುವ ಪತಿರಾಯ ಒಳಗೆ ಎರಡನೆಯ ಕಾಫಿ ಕುಡಿಯುತ್ತಿರುತ್ತಾನೆ. ನನಗೆ ಸಿಟ್ಟು ಬಂದದ್ದು ಇಲ್ಲಿ.

"ಸಹಾಯ" ಎಂಬ ಪದದ ಮೇಲೆ ನನಗಿರುವ ಮುನಿಸು ಈ ಅಂಕಣದ ಹಳೆಯ ಓದುಗರಿಗೆ ಹೊಸದಲ್ಲ. ತನ್ನ ಮನೆಯ ಕೆಲಸವನ್ನು ತಾನು ಮಾಡಿದರೆ ಅದು ಸಹಾಯ ಹೇಗಾಗುತ್ತದೆ? ನಮ್ಮ ಮನೆಯವರು ನಿವೃತ್ತರಾದ ಹೊಸದರಲ್ಲಿ ಒಂದು ಬೆಳಿಗ್ಗೆ ಗ್ರೈಂಡರ್ ತೊಳೆದರು. ಸಂಜೆಯೊಳಗೆ ಅದನ್ನು ನನಗೆ ಮೂರು ಬಾರಿ ನೆನಪಿಸಿ, ರಾತ್ರಿ ಫೋನ್ ಮಾಡಿದ ಮಗಳಿಗೂ ವರದಿ ಒಪ್ಪಿಸಿದರು. ನಿಮ್ಮ ಮನೆಯಲ್ಲಂತೂ ಬೆಕ್ಕನ್ನು ತಂದದ್ದು ಆತ, ಅದರ ಚಿತ್ರ ತೆಗೆದು ಗೆಳೆಯರಿಗೆ ಕಳುಹಿಸುವುದು ಆತ. ಅದರ ಮಲವನ್ನು ಎತ್ತುವುದು ಮಾತ್ರ ಮದುವೆಯ ಮರುತಿಂಗಳೇ ನಿಮ್ಮ ಪಾಲಿಗೆ ಬಂದಿದೆ. ಈ ಹಸ್ತಾಂತರ ಯಾವ ದಿನ ನಡೆಯಿತೆಂದು ಕೇಳಿದರೆ ಬಹುಶಃ ನಿಮ್ಮಿಬ್ಬರಿಗೂ ನೆನಪಿರುವುದಿಲ್ಲ.

ಇನ್ನು ಆ ಮೂರು ದಿನದ ವಿಷಯ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರೋಪಜೀವಿಯೊಂದಿದೆ. ನಿಮ್ಮ ನಾದಿನಿಯ ವಿಡಿಯೊಗಳಲ್ಲಿ ಇದರ ಹೆಸರು ಖಂಡಿತ ಬಂದಿರುತ್ತದೆ. ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದ ಬೆಕ್ಕಿಗೆ ಅದು ಅಂಟುತ್ತದೆ. ಹೊಸದಾಗಿ ಅಂಟಿಸಿಕೊಂಡ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ಕಾಲ ಮಲದ ಮೂಲಕ ಅದರ ತತ್ತಿಯಂಥ ಕಣಗಳನ್ನು ಹೊರಹಾಕುತ್ತದೆ. ಈ ಕಣಗಳು ಹೊರಬಿದ್ದ ಕ್ಷಣಕ್ಕೇ ಸೋಂಕು ತಗಲಿಸುವ ಸ್ಥಿತಿಯಲ್ಲಿರುವುದಿಲ್ಲ. ಆ ಶಕ್ತಿ ಬರಲು 1ರಿಂದ 5 ದಿನ ಬೇಕು. ಪ್ರತಿದಿನ ತೆಗೆದ ಟ್ರೇಯಲ್ಲಿ ಅವು ಬಲಿಯುವ ಮೊದಲೇ ಕಸದ ಪಾಲಾಗುತ್ತವೆ, ಮೂರು ದಿನ ಬಿಟ್ಟ ಟ್ರೇಯಲ್ಲಿ ಹಾಗಾಗುವುದಿಲ್ಲ. ವಾಕರಿಕೆಯನ್ನು ತಪ್ಪಿಸಿಕೊಳ್ಳಲು ನೀವು ಕಂಡುಕೊಂಡ ದಾರಿ, ನಿಮಗೇ ತಿಳಿಯದಂತೆ, ಇರುವ ಅಲ್ಪ ಅಪಾಯವನ್ನು ಹೆಚ್ಚಿಸುವ ದಾರಿಯಾಗಿದೆ. ಗರ್ಭಿಣಿಗೆ ಈ ಸೋಂಕು ಜೀವನದಲ್ಲಿ ಮೊದಲ ಬಾರಿ ತಗಲಿದರೆ ಅದು ಮಗುವಿಗೆ ದಾಟಬಹುದು. ಮೊದಲ ತಿಂಗಳುಗಳಲ್ಲಿ ದಾಟುವ ಸಾಧ್ಯತೆ ಕಡಿಮೆ, ಆದರೆ ದಾಟಿದರೆ ಮಗುವಿನ ಕಣ್ಣಿಗೂ ಮಿದುಳಿಗೂ ಆಗುವ ಹಾನಿ ಹೆಚ್ಚು. ಆದ್ದರಿಂದ ಮುಂದಿನ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗ, ಮನೆಯಲ್ಲಿ ಬೆಕ್ಕಿದೆ, ಇಷ್ಟು ದಿನ ಟ್ರೇ ಸ್ವಚ್ಛ ಮಾಡಿದ್ದು ನಾನೇ ಎಂದು ವೈದ್ಯರಿಗೆ ಬಾಯಿ ಬಿಟ್ಟು ಹೇಳಿ. ರಕ್ತಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸಲಿ. ಹೆದರಿ ನಿದ್ದೆಗೆಡುವ ಅಗತ್ಯವಿಲ್ಲ. ಈ ಸೋಂಕು ಹಿಂದೆಂದೋ ತಗಲಿ, ಅದರ ವಿರುದ್ಧ ದೇಹದಲ್ಲಿ ರಕ್ಷಣೆ ಬೆಳೆದಿರುವವರೂ ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ.

ಚುಕ್ಕಿಯ ಪರವಾಗಿಯೂ ಎರಡು ಮಾತು ಆಡಬೇಕು. ಮನೆಯೊಳಗೇ ಇದ್ದು ಪ್ಯಾಕೆಟ್ ಆಹಾರ ತಿನ್ನುವ, ಬೇಟೆಯ ರುಚಿ ಹತ್ತದ ನಾಲ್ಕು ವರ್ಷದ ಬೆಕ್ಕಿನಿಂದ ಈ ಸೋಂಕು ಬರುವ ಸಾಧ್ಯತೆ ತೀರ ಕಡಿಮೆ. ಅದನ್ನು ಮುದ್ದಿಸಿದ್ದರಿಂದಲೋ, ಕಾಲ ಬುಡದಲ್ಲಿ ಮಲಗಿಸಿಕೊಂಡಿದ್ದರಿಂದಲೋ ಅದು ಬರುವುದಿಲ್ಲ ಎಂದೇ ತಿಳಿಯಿರಿ. ಸರಿಯಾಗಿ ಬೇಯದ ಮಾಂಸ, ತೊಳೆಯದೆ ಕೋಸಂಬರಿಗೆ ಹೆಚ್ಚಿದ ಸೌತೆಕಾಯಿ, ಬರಿಗೈಯಲ್ಲಿ ಕೆದಕಿದ ಕುಂಡದ ಮಣ್ಣು, ಇವುಗಳ ಬಗ್ಗೆ ಇರಬೇಕಾದ ಎಚ್ಚರ ಇದಕ್ಕಿಂತ ಹೆಚ್ಚಿನದು. ಆದರೆ ಭಾನುವಾರ ಕೋಳಿ ಅಂಗಡಿಯಿಂದ ತಂದ ಹಸಿ ಲಿವರ್ ತುಣುಕನ್ನು ಗಂಡ ಚುಕ್ಕಿಗೆ ತಿನ್ನಿಸುವುದನ್ನು ನೀವು ಬಹಳ ಪ್ರೀತಿಯಿಂದ ವರ್ಣಿಸಿದ್ದೀರಲ್ಲ, ಅದು ಇಂದಿಗೇ ನಿಲ್ಲಬೇಕು. ಕೊಡುವುದಾದರೆ ಬೇಯಿಸಿ ಕೊಡಲಿ. ಪಾರ್ಕಿಂಗ್‌ನಲ್ಲಿ ಹುಟ್ಟಿರುವ ಎರಡು ಮರಿಗಳನ್ನೂ ಮನೆಗೆ ತರುವ ಆತನ ಆಸೆ ಹೆರಿಗೆಯವರೆಗೆ ಕಾಯಲಿ. ಹೊಸದಾಗಿ ಸೋಂಕು ಅಂಟಿಸಿಕೊಂಡಿರುವ ಸಾಧ್ಯತೆ ಹೆಚ್ಚಿರುವುದು ಬೀದಿಯಲ್ಲಿ ಬೆಳೆಯುವ ಮರಿಗಳಿಗೇ.

ನಿಮ್ಮ ಅತ್ತೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅಟ್ಟವಿದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಬೆಕ್ಕು ಬೇಕಾಗುತ್ತದೆ. ಆ ಬೆಕ್ಕು ಹಿತ್ತಿಲಿಗೆ ಹೋಗಿ ಮಣ್ಣು ಕೆದರಿ ಮುಚ್ಚಿ ಬರುತ್ತದೆ, ಒಲೆಯ ಪಕ್ಕ ಮಲಗುತ್ತದೆ, ಹಾಸಿಗೆಗೆ ಹತ್ತುವುದಿಲ್ಲ. ಹೀಗೆ ಬೆಕ್ಕುಗಳ ಜೊತೆಯಲ್ಲೇ ಬದುಕಿರುವ ಹೆಂಗಸಿಗೆ ಬೆಕ್ಕಿನ ಭಯವೆಲ್ಲಿಂದ ಬರಬೇಕು? ಕಳೆದ ತಿಂಗಳು ನಿಮ್ಮ ಮನೆಗೆ ಬಂದಾಗ ಅವರು ಕಂಡದ್ದು ಬಸುರಿ ಸೊಸೆ ಮೂಗು ಮುಚ್ಚಿಕೊಂಡು ಹೇಲು ಬಾಚುತ್ತಿರುವುದನ್ನು, ಮಗ ಲ್ಯಾಪ್‌ಟಾಪ್ ಎದುರು ಕುಳಿತಿರುವುದನ್ನು. "ಅತ್ತೆ ಬಾಲ್ಕನಿಯ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಒಳಗೆ ಹೋದರು" ಎಂದು ನೀವೇ ಬರೆದಿದ್ದೀರಿ. ಮಗನಿಗೆ ಎದ್ದು ಹೋಗಿ ಮಾಡೋ ಎನ್ನಲು ಅವರ ಕಾಲದ ಅಭ್ಯಾಸ ಅಡ್ಡಬಂತು, ಆದ್ದರಿಂದ ಬೆಕ್ಕು ಹೋಗಲಿ ಎಂದರು. ಗುರಿ ತಪ್ಪಿರಬಹುದು, ಕಳಕಳಿ ತಪ್ಪಲ್ಲ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ಉಬ್ಬಸ ಬರುತ್ತದೆ ಎಂಬ ಅವರ ಮಾತನ್ನು ಹಳೆಯವರ ಮಾತೆಂದು ಕೇಳಿಸಿಕೊಂಡು ಸುಮ್ಮನಿರಿ.

ನಾದಿನಿಯ ವಿಚಾರ ಬೇರೆ. ಆಕೆ ಇದುವರೆಗೆ ನಿಮಗೆ ಒಂದು ದಿನವೂ ಫೋನ್ ಮಾಡಿ ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಕೇಳಿಲ್ಲ. ವಿಡಿಯೊ ಮಾತ್ರ ತಪ್ಪಿಸಿಲ್ಲ. ಎದುರು ಕುಳಿತು ಹೇಳಲಾಗದ ಮಾತನ್ನು ಫೋನಿಗೆ ತುಂಬಿ ಕಳುಹಿಸುವವರ ಬಗ್ಗೆ ನನ್ನ ಅಭಿಪ್ರಾಯ ಎಂದೂ ಒಳ್ಳೆಯದಲ್ಲ. "ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಮೀನಿನ ಮಾರುಕಟ್ಟೆಯ ಹತ್ತಿರ ಬಿಟ್ಟರೆ ತಿಂದುಕೊಂಡಿರುತ್ತದೆ" ಎಂಬ ಆಕೆಯ ಸಲಹೆ ಪತ್ರದಲ್ಲೇ ಅತ್ಯಂತ ಹೀನವಾದ ವಾಕ್ಯ. ಮನೆಯೊಳಗೆ ಬೆಳೆದ ಬೆಕ್ಕಿಗೆ ಮಾರುಕಟ್ಟೆಯ ಗಂಡುಬೆಕ್ಕುಗಳ, ಬೀದಿನಾಯಿಗಳ ನಡುವೆ ತಿಂದುಕೊಂಡಿರಲು ಬರುವುದಿಲ್ಲ. ಸಕಾರಣವಿಲ್ಲದೆ ಪ್ರಾಣಿಯೊಂದನ್ನು ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ತೊರೆದುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಆಕೆಗೆ ಒಂದು ಸಂದೇಶದಲ್ಲಿ ಬರೆದು ಕಳುಹಿಸಿ. ವಿಡಿಯೊ ಬೇಕಿಲ್ಲ.

ಈಗ ನಿಮ್ಮ ಮೇಲಿರುವ ಒಂದು ದೂರು. ಈ ಪತ್ರವನ್ನು ನನಗೆ ಬರೆಯುವ ಬದಲು, ಆ ಎರಡೂವರೆ ಸಾಲನ್ನು ಗಂಡನಿಗೆ ಓದಿ ಹೇಳಿದ್ದರೆ ಸಾಕಿತ್ತು. ಆತ ಕೆಟ್ಟವನಲ್ಲ, ಮಳೆಯಲ್ಲಿ ನಿಂತು ಸ್ಕೂಟರಿನ ಅಡಿಯಿಂದ ಮರಿಯನ್ನು ಎತ್ತಿಕೊಂಡವನು ಕೆಟ್ಟವನಾಗಿರಲಾರ. ಕಣ್ಣು ಮುಚ್ಚಿ ಹಾಲು ಕುಡಿಯುವ ಅಭ್ಯಾಸ ಮಾತ್ರ ಆ ಮನೆಯಲ್ಲಿ ಬೆಕ್ಕಿಗಿಂತ ಆತನಿಗೇ ಹೆಚ್ಚಾಗಿದೆ, ಮತ್ತು ಹಾಲಿನ ಬಟ್ಟಲನ್ನು ಹೊತ್ತುಹೊತ್ತಿಗೆ ತುಂಬಿಸಿಟ್ಟವರು ನೀವು. "ಹೇಳದೆಯೇ ಅರ್ಥವಾಗಬೇಕಲ್ಲವೇ" ಎಂದು ಕೇಳಿದ್ದೀರಿ. ಆಗಬೇಕಿತ್ತು, ಆಗಲಿಲ್ಲ. 11 ವಾರ ಕಳೆದಿದೆ. ಇನ್ನೂ ಕಾಯುತ್ತ ಕೂರುವಷ್ಟು ಸಮಯ ನಿಮ್ಮಲ್ಲಿಲ್ಲ.

ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ನಾಳೆಯಿಂದ ಹೆರಿಗೆಯಾಗುವವರೆಗೆ ನೀವು ಆ ಟ್ರೇಯನ್ನು ಮುಟ್ಟಬೇಡಿ. ಪ್ರತಿದಿನ ಬೆಳಿಗ್ಗೆ, ಆತನ ಮೊದಲ ಕಾಫಿಗೆ ಮುಂಚೆ, ಆತನೇ ಅದನ್ನು ಸ್ವಚ್ಛ ಮಾಡಲಿ. ಕಚೇರಿಗೆ ಹೋಗುವ ದಿನವೂ, ಮನೆಯಿಂದ ಕೆಲಸ ಮಾಡುವ ದಿನವೂ, ದೀಪಾವಳಿಯ ದಿನವೂ ಇದರಲ್ಲಿ ರಿಯಾಯಿತಿ ಇಲ್ಲ. ಒಂದು ದಿನ ಆತ ಮರೆತರೆ ವಾಸನೆ ತಾಳಲಾರದೆ ನೀವು ಎದ್ದು ಹೋಗಬಾರದು. ಕಿಟಕಿ ತೆರೆದು, ಕಾಫಿ ಪುಡಿಯ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿ, ನಿಮ್ಮ ಬಸ್ಸಿಗೆ ನೀವು ಹೊರಡಿ. ಎರಡು ದಿನದ ನಂತರ ಆ ಘಾಟೇ ಆತನಿಗೆ ಪಾಠ ಹೇಳುತ್ತದೆ. ಮಗು ಬಂದ ಮೇಲೆ ಈ ಕೆಲಸವನ್ನು ನಿಮಗೆ ಹಿಂತಿರುಗಿಸುವ ಮಾತು ಬಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಆಗ ಉತ್ತರವನ್ನು ನೇರ ಆತನ ಹೆಸರಿಗೇ ಕೊಡುತ್ತೇನೆ.

ಅತ್ತೆಗೆ ನೀವಾಗಿ ಏನನ್ನೂ ವಿವರಿಸಬೇಕಿಲ್ಲ. ಅವರು ಮುಂದಿನ ಸಲ ತಿಪಟೂರಿನಿಂದ ಬಂದಾಗ ಬೆಳಿಗ್ಗೆ ಬಾಲ್ಕನಿಯ ಬಾಗಿಲಿಗೆ ಬಂದೇ ಬರುತ್ತಾರೆ. ಅಲ್ಲಿ ಯಾರು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ ಎಂಬುದನ್ನು ಅವರೇ ನೋಡಲಿ.

ಕೊನೆಯದಾಗಿ ನಿಮ್ಮ ಪತಿಗೆ ಒಂದು ಸೂಚನೆ. ಹೊಸದಾಗಿ ಕೆಲಸ ಕಲಿಯುವವರೆಲ್ಲ ಈ ತಪ್ಪನ್ನು ಮಾಡುತ್ತಾರೆ. ಗಟ್ಟಿಯಾಗಿ ಉಂಡೆ ಕಟ್ಟುವ ಆ ಮರಳನ್ನು ಕಮೋಡಿಗೆ ಸುರಿದು ಫ್ಲಶ್ ಮಾಡಬೇಡಿ. ಅದು ಜೇಡಿಮಣ್ಣಿನ ಜಾತಿಯದು, ನೀರು ಕುಡಿದು ಉಬ್ಬಿ ಪೈಪನ್ನು ಕಟ್ಟಿಹಾಕುತ್ತದೆ. ಹಳೆಯ ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಹಸಿ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಕಸದ ಗಾಡಿಗೆ ಕೊಡಿ, ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಆಮೇಲೆ ಕಾಫಿ ಲೋಟ ಹಿಡಿಯಿರಿ.